ಅರ್ಧ ಮುಖದ ಲೆಕ್ಕ

ರಿಯೋನಿ ಹೊಳೆಯ ದಡ, ಕುತಾಯಿಸಿ ಊರು.
ನಮ್ಮ ಔಷಧಿ ಅಂಗಡಿಯ ಮೂರನೇ ಕಪಾಟಿನಲ್ಲಿ
ಮೊಡವೆಗೆ ಒಟ್ಟು ಹನ್ನೊಂದು ಬಗೆ.
ಎಲ್ಲದರ ಮೈಮೇಲೂ ಒಂದು ಎಲೆ,
ಎಲೆಯ ತುದಿಗೆ ಒಂದು ಹನಿ,
ಹನಿಯೊಳಗೆ ಮೊಡವೆಯೆಂದರೇನೆಂದೇ ತಿಳಿಯದ ಹುಡುಗಿ.

ಇಪ್ಪತ್ತಾರು ವರ್ಷ ಇಲ್ಲಿ ನಿಂತವಳು ನಾನು, ಲಮ್ಜಿರಾ.
ಡಬ್ಬಿಯನ್ನು ಹಿಂಬದಿಯಿಂದಲೇ ಓದುವುದು ರೂಢಿ.
ಗಡಿಯಾರ ರಿಪೇರಿಯ ಅಪ್ಪನ ಭೂತಗನ್ನಡಿ
ಇನ್ನೂ ಗಲ್ಲಾಪೆಟ್ಟಿಗೆಯಲ್ಲಿದೆ.
ಕಣ್ಣಿಗೆ ಸಿಕ್ಕಿಸಿ ಬಗ್ಗಿದರೆ
ಇರುವೆಸಾಲಿನಂಥ ಅಕ್ಷರ: ಮೊದಲು ನೀರು,
ಆಮೇಲೆ ಗ್ಲಿಸರಿನ್, ಆಮೇಲೆ ಉಚ್ಚರಿಸಲಾಗದ ನಾಲ್ವರು,
ಪರಿಮಳ,
ಪರಿಮಳದ ಬೆನ್ನಿಗೆ, ಕೊನೇ ಪಂಕ್ತಿಗೆ ಬಂದ ಬಡನಂಟನ ಹಾಗೆ,
ಚೆಂಡುಹೂವಿನ ಸಾರ.

ನೈಸರ್ಗಿಕ ಅನ್ನುತ್ತಾರೆ. ತುರಿಕೆಸೊಪ್ಪೂ ನೈಸರ್ಗಿಕವೇ.
ಪಕ್ಕದ ಮನೆಯ ಓತಿಯಾ ಬೇಲಿಗಿಡ ಮುರಿದು
ಹಳದಿ ಹಾಲನ್ನು ನೇರ ಹಣೆಗೆ ಹಚ್ಚಿಕೊಂಡಿದ್ದ.
ಮೊಡವೆ ಹೋಯಿತು, ಹೌದು,
ಜೊತೆಗೆ ಅಷ್ಟಗಲ ಚರ್ಮವೂ.

ಮಾರ್ಚಿನಲ್ಲಿ ಬಂದಳು ತ್ಸಿಸಾನಾ. ಹದಿನಾರು. ಶಾಲು ಮೂಗಿನವರೆಗೆ.
ಎಣಿಸಿದ ಚಿಲ್ಲರೆಯನ್ನೇ ಮತ್ತೆ ಎಣಿಸುತ್ತ
"ಇದರಲ್ಲಿ ಯಾವುದು ನಿಜ?" ಅಂದಳು.
ಯಾವುದು ಒಳ್ಳೆಯದು ಅನ್ನಲಿಲ್ಲ, ನೋಡಿ.

ನನ್ನ ಕೆನ್ನೆಯ ಕುಳಿಗಳೂ ಆ ವಯಸ್ಸಿನವೇ.
ಅಜ್ಜಿ ಕುದಿಸಿದ್ದು, ಅತ್ತೆ ಅರೆದು ಮೆತ್ತಿದ್ದು,
ಪಾದ್ರಿಯ ಹೆಂಡತಿ ಕಿವಿಯಲ್ಲಿ ಹೇಳಿದ್ದು,
ಎಲ್ಲ ಒಟ್ಟಿಗೇ ಬಳಿದುಕೊಂಡೆ;
ಯಾವುದು ವಾಸಿ ಮಾಡಿತು, ಯಾವುದು ಕೆಡಿಸಿತು
ಇಂದಿಗೂ ಗೊತ್ತಿಲ್ಲ.
ಅದಕ್ಕೇ ಹೇಳಿದೆ: ಒಂದೇ ಟ್ಯೂಬು. ಅರ್ಧ ಮುಖ.
ಮೊದಲೆರಡು ದಿನ ಮೊಣಕೈಯೊಳಗೆ; ಉರಿದರೆ ವಾಪಸು ತಾ.
ಉರಿಯದಿದ್ದರೆ ಎಡಕ್ಕೆ ಹಚ್ಚು, ಬಲವನ್ನು ಅದರ ಪಾಡಿಗೆ ಬಿಡು.
ಎಂಟು ವಾರ. ಚಿವುಟಬೇಡ.
ಶನಿವಾರ ಬಾ, ಎಣಿಸೋಣ.

ಕಿಟಕಿಯ ಬೆಳಕಿಗೆ ಮುಖವೊಡ್ಡಿ ನಿಲ್ಲುತ್ತಿದ್ದಳು.
ಹುಬ್ಬಿನ ಪೆನ್ಸಿಲಿನಲ್ಲಿ ಮೂಗಿನ ಮೇಲೊಂದು ಗಡಿ.
ನನ್ನ ಕೈಯಲ್ಲಿ ಭೂತಗನ್ನಡಿ, ಸಾಲದ ಪುಸ್ತಕದ ಕೊನೇ ಹಾಳೆ.
ಮೊದಲ ವಾರ: ಎಡ ಇಪ್ಪತ್ಮೂರು, ಬಲ ಇಪ್ಪತ್ತೊಂದು.
ಮೂರನೆಯದು: ಹತ್ತೊಂಬತ್ತು, ಹತ್ತೊಂಬತ್ತು.
ಐದನೇ ವಾರ ಪರೀಕ್ಷೆ; ಗಣಿತಕ್ಕೆ ಹೆದರಿ ಎರಡೂ ಕಡೆ ಎದ್ದವು.
ಆರನೇ ವಾರ ಅವಳು, ನಾನು ಹೇಳುವ ಮೊದಲೇ,
ಶಾಲು ತೆಗೆದು ಗೂಟಕ್ಕೆ ಸಿಕ್ಕಿಸಿದಳು.
ಅದಕ್ಕೆ ಪುಸ್ತಕದಲ್ಲಿ ಕಾಲಮ್ಮು ಇರಲಿಲ್ಲ.
ಎಂಟನೆಯದು: ಎಡ ಆರು, ಬಲ ಹದಿಮೂರು.

ಜೂನಿನಲ್ಲಿ ಒಡೆಯ ಬಾದ್ರಿ ಕೇಳಿದ:
ಹನ್ನೊಂದರಲ್ಲಿ ಯಾವುದನ್ನು ತರಿಸಲಿ, ಯಾವುದನ್ನು ಬಿಡಲಿ?
ಜಂಬದಿಂದ ಪುಸ್ತಕ ಬಿಚ್ಚಿದೆ.
ಅವನು ಓದಿದ, ತಲೆ ಕೆರೆದ:
"ಎಡ ಅಂದರೆ, ಯಾರ ಎಡ?"

ಎದುರುಬದುರು ನಿಂತವರು ನಾವು.
ಕೆಲವು ಶನಿವಾರ ಅವಳದ್ದನ್ನು ಬರೆದಿರಬೇಕು, ಕೆಲವು ಶನಿವಾರ ನನ್ನದನ್ನು.
ಯಾವ ವಾರ ಯಾವುದು, ಪುಸ್ತಕ ಬಾಯಿ ಬಿಡುವುದಿಲ್ಲ.

ಬಿಳಿ ಸೇತುವೆಯ ಮೇಲೆ ಸಿಕ್ಕಳು ತ್ಸಿಸಾನಾ,
ಗೆಳತಿಯರ ನಡುವೆ ಸೂರ್ಯಕಾಂತಿ ಬೀಜ ಉಗಿಯುತ್ತ.
ಹಚ್ಚಿದ್ದು ಯಾವ ಕಡೆ ಎಂದೆ.
"ಯಾರಿಗೆ ನೆನಪು, ಲಮ್ಜಿರಾ ಚಿಕ್ಕಮ್ಮ?"
ಎರಡೂ ಕೆನ್ನೆಗೆ ಒಂದೇ ಬಿಸಿಲು.
ಹದಿನಾರು ಕಳೆದು ಹದಿನೇಳಾಗಿತ್ತು; ಅದೂ ಒಂದು ಔಷಧಿಯೇ,
ಯಾವ ಕಪಾಟಿನಲ್ಲೂ ಸಿಗದ್ದು.

ಟ್ಯೂಬನ್ನು ಇದ್ದ ಜಾಗಕ್ಕೇ ಇಟ್ಟೆ. ಬೆಲೆ ಕೇಳಿದವರಿಗೆ ಬೆಲೆ ಹೇಳುತ್ತೇನೆ,
ಗುಣ ಕೇಳಿದವರಿಗೆ, ಕೂತುಕೊಳ್ಳಿ ಅನ್ನುತ್ತೇನೆ.

ನಿನ್ನೆ ಒಬ್ಬ ಹುಡುಗ ಬಂದ, ಹಣೆತುಂಬ ಕೂದಲು ಎಳೆದುಕೊಂಡು,
ಒಂದೇ ಕಿವಿಗೆ ಬೆಳ್ಳಿ ರಿಂಗು.
ಹೊಸ ಹಾಳೆ ತಿರುವಿ ಬರೆದೆ:
ರಿಂಗಿನ ಕಡೆ, ಮೂವತ್ತೊಂದು.